ಚಾಟ್‌ಬಾಟ್‌ಗೆ ಹೇಳಿದ್ದನ್ನು ಸಮಾಲೋಚಕರಿಗೂ ಹೇಳಬೇಕೆ?

ಪ್ರಶ್ನೆ: ಆತಂಕದ ಸಮಸ್ಯೆಗೆ ವಾರಕ್ಕೊಮ್ಮೆ ಆಪ್ತಸಮಾಲೋಚಕರನ್ನು ಕಾಣುತ್ತಿದ್ದೇನೆ. ಮನಸ್ಥಿತಿ ದಾಖಲಿಸುವ ಆ್ಯಪನ್ನು ದಿನಕ್ಕೆ ಹತ್ತಾರು ಸಲ ತೆರೆಯುತ್ತೇನೆ. ರಾತ್ರಿ ಚಾಟ್‌ಬಾಟ್ ಜೊತೆ ಮಾತಾಡಿದರೆ ಹಗುರವೆನಿಸುತ್ತದೆ. ಆದರೆ ಸಮಾಲೋಚಕರ ಎದುರು ಕೂತಾಗ ಹೇಳಲು ಏನೂ ಉಳಿದಿರುವುದಿಲ್ಲ. ಇವನ್ನೆಲ್ಲ ಬಿಡಬೇಕೆ?

ಉತ್ತರ: ಪೂರ್ತಿ ಬಿಡಬೇಕಿಲ್ಲ. ಆದರೆ ಇವನ್ನು ಬಳಸುತ್ತಿರುವುದು ಸಮಾಲೋಚಕರಿಗೆ ಗೊತ್ತಿರಲೇಬೇಕು. ಮುಂದಿನ ಭೇಟಿಯ ಮೊದಲ ಐದು ನಿಮಿಷ ಅದಕ್ಕೇ ಇಡಿ.

ದಾಖಲೆ ದಿನಕ್ಕೆ ಒಂದೆರಡು ಸಲ, ಗೊತ್ತಾದ ಹೊತ್ತಿನಲ್ಲಿ ಸಾಕು. ಪದೇಪದೇ ನೋಡಿಕೊಂಡರೆ ಎದೆಬಡಿತದ ಸಣ್ಣ ಏರಿಳಿತವೂ ಅಪಾಯದಂತೆ ಕಾಣತೊಡಗುತ್ತದೆ. ‘ಇವತ್ತು 10ಕ್ಕೆ 7’ ಎಂಬ ಅಂಕಿಯೊಂದರಿಂದಲೇ ಸಮಾಲೋಚಕರಿಗೆ ಹೆಚ್ಚೇನೂ ತಿಳಿಯದು. ಆತಂಕ ಏರಿದ ಸಂದರ್ಭ, ಆಗ ಬಂದ ಯೋಚನೆ, ನೀವು ಮಾಡಿದ್ದು: ಮೂರನ್ನೂ ಆದಷ್ಟು ಬೇಗ ಒಂದೊಂದು ಸಾಲಿನಲ್ಲಿ ಬರೆಯಿರಿ. ತಡಮಾಡಿದರೆ ನೆನಪಿನಲ್ಲಿ ಕೆಟ್ಟ ಗಳಿಗೆಗಳೇ ಮೇಲುಗೈ ಪಡೆಯುತ್ತವೆ. ಭೇಟಿಗೆ ಹೋಗುವಾಗ ಹೆಚ್ಚು ಕಾಡಿದ ಎರಡನ್ನಷ್ಟೇ ಒಯ್ಯಿರಿ. ಆ್ಯಪಿನಲ್ಲಿ ಆತಂಕದ ತೀವ್ರತೆ ಅಳೆಯುವ ಜಿಎಡಿ-7 ಪ್ರಶ್ನಾವಳಿ ಇದ್ದರೆ ಅದನ್ನು ದಿನವೂ ತುಂಬಬೇಡಿ. ಅದರ 7 ಪ್ರಶ್ನೆಗಳೂ ಹಿಂದಿನ 2 ವಾರಗಳ ಬಗ್ಗೆ ಕೇಳುವಂಥವು.

ಚಾಟ್‌ಬಾಟ್ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ‘ಏನೂ ಆಗುವುದಿಲ್ಲ ತಾನೆ?’ ಎಂದು ಕೇಳಿ ಪಡೆದ ಸಮಾಧಾನ ಬೇಗ ಕರಗುತ್ತದೆ, ಅನುಮಾನ ಮತ್ತೆ ತಲೆಯೆತ್ತುತ್ತದೆ, ಮತ್ತೆ ಕೇಳಬೇಕೆನಿಸುತ್ತದೆ. ಖಾತರಿಯಿಲ್ಲದೆಯೂ ಇರಬಲ್ಲೆ ಎಂದು ಮನಸ್ಸು ಕಲಿಯುವ ಅವಕಾಶ ಹೀಗೆ ತಪ್ಪುತ್ತದೆ. ಜೊತೆಗೆ ಅದು ನೀವು ಬರೆದದ್ದಕ್ಕೆ ತಲೆದೂಗುವುದೇ ಹೆಚ್ಚು. ನೀವು ತಡವರಿಸಿದ್ದು, ಮಾತು ಮರೆಸಿದ್ದು ಎದುರಿಗೆ ಕೂತವರಿಗಷ್ಟೇ ಕಾಣುತ್ತದೆ. ಭೇಟಿಯಲ್ಲಿ ಮಾತು ಬರಿದಾಗಲು ಇದೇ ಕಾರಣವಿರಬಹುದು: ಬಿಸಿಯಾಗಿದ್ದ ಮಾತು ರಾತ್ರಿಯೇ ಖರ್ಚಾಗಿರುತ್ತದೆ. ಕೇಳಬೇಕೆನಿಸಿದಾಗ ಆ ಪ್ರಶ್ನೆಯನ್ನು ಬರೆದಿಟ್ಟು 20 ನಿಮಿಷ ಕಾಯಿರಿ. ಅದೇ ಪ್ರಶ್ನೆಯನ್ನು ಭೇಟಿಗೆ ತನ್ನಿ.

ಉಸಿರಾಟದ ಆ್ಯಪ್ ಒಳ್ಳೆಯದೇ. ಆದರೆ ಹೆದರುವ ಸನ್ನಿವೇಶವನ್ನು ಬೇಕೆಂದೇ ಎದುರಿಸುವ ಅಭ್ಯಾಸವನ್ನು ಸಮಾಲೋಚಕರು ಕೊಟ್ಟಿದ್ದರೆ, ಅದರ ನಡುವೆ ಆ್ಯಪ್ ಬಳಸಬಹುದೇ ಎಂದು ಅವರನ್ನು ಮೊದಲೇ ಕೇಳಿಕೊಳ್ಳಿ. ಇಲ್ಲವಾದರೆ ‘ಆ್ಯಪ್ ಇದ್ದದ್ದಕ್ಕೆ ಪಾರಾದೆ’ ಎಂಬ ನಂಬಿಕೆ ಉಳಿದುಬಿಡುತ್ತದೆ.

ಬದುಕು ಬೇಡವೆನಿಸಿದರೆ ಮಾತ್ರ ಆ್ಯಪನ್ನು ನೆಚ್ಚಬೇಡಿ, ಭೇಟಿಯ ದಿನಕ್ಕೂ ಕಾಯಬೇಡಿ. ತುರ್ತು ಸಹಾಯವಾಣಿಗೆ ಕರೆ ಮಾಡಿ, ಹತ್ತಿರದವರನ್ನು ಪಕ್ಕಕ್ಕೆ ಕರೆಸಿಕೊಳ್ಳಿ. ಆ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕೆಂಬುದನ್ನು ಸಮಾಲೋಚಕರ ಜೊತೆ ಕೂತು ಈಗಲೇ ಬರೆದಿಟ್ಟುಕೊಳ್ಳಿ.