ಅಪ್ರೂವ್ ಆಗಿದೆ ಅಕ್ಕಾ, ದುಡ್ಡು ಮಾತ್ರ ಬಂದಿಲ್ಲ

ಕಾಲೇಜು ಖರ್ಚಿನ ಬಗ್ಗೆ ಏನಾದರೂ ಕೇಳೋದಿದ್ದರೆ ಬರೆಯಿರಿ ಅಂತ ಹೋದ ತಿಂಗಳು ಸುಮ್ನೆ ಒಂದು ಸಾಲು ಹಾಕಿದ್ದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆಯಿಂದ ಪತ್ರಗಳ ರಾಶಿಯೇ ಬಂದಿದೆ. ಒಂದೇ ಥರದವನ್ನು ಸೇರಿಸಿ ಐದು ಆರಿಸಿಕೊಂಡಿದ್ದೇನೆ. ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಅಕ್ಕಾ, ನಮ್ಮದು ಆಳಂದ ತಾಲ್ಲೂಕಿನ ಹಳ್ಳಿ. ಕಲಬುರಗಿಯಲ್ಲಿ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ ಮೊದಲ ವರ್ಷ ಓದುತ್ತಿದ್ದೇನೆ. ಹತ್ತನೇ ಕ್ಲಾಸು, ಪಿಯುಸಿ ಎರಡೂ ಸರ್ಕಾರಿಯಲ್ಲೇ ಆಗಿದ್ದು. ನಾವು 2ಎ. ಅಪ್ಪನಿಗೆ ನಾಲ್ಕು ಎಕರೆ ತೊಗರಿ ಹೊಲ ಇದೆ. ಹಾಸ್ಟೆಲ್ ಸೀಟು ಸಿಗದೆ ಮೂವರು ಸೇರಿ ರೂಮು ಮಾಡಿದ್ದೇವೆ. ನನಗೆ ಏನೇನು ಸಿಗುತ್ತದೆ? ಎರಡು ಮೂರಕ್ಕೆ ಒಟ್ಟಿಗೇ ಹಾಕಬಹುದಾ?

ಹಾಕಬಹುದು ತಂಗಿ, ಆದರೆ ಎಲ್ಲವೂ ಒಟ್ಟಿಗೆ ಕೈಗೆ ಬರುವುದಿಲ್ಲ. ಯಾವುದನ್ನು ಬಿಟ್ಟು ಯಾವುದನ್ನು ಹಿಡಿಯಬೇಕು ಅನ್ನೋದೇ ಇಲ್ಲಿ ಲೆಕ್ಕ.

ಮೊದಲು ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಅಲ್ಲಿ ಹಾಕುವುದು ಒಂದೇ ಅರ್ಜಿ. ನಿನ್ನ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಿದರೆ ಯಾವ ಇಲಾಖೆಗೆ ಹೋಗಬೇಕೋ ಅದು ತಾನಾಗಿ ಹೋಗುತ್ತದೆ. ಫೀಸು ವಾಪಸಾತಿ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ವಿದ್ಯಾಸಿರಿ ಎಲ್ಲಾ ಅದರೊಳಗೇ ಬರುತ್ತವೆ. ನಿನಗೆ ಮುಖ್ಯವಾಗಿ ಬೇಕಾದದ್ದು ವಿದ್ಯಾಸಿರಿ. ಊರು ಬಿಟ್ಟು ಬಂದು ಓದುತ್ತಿರುವ, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ ಮತ್ತು ವಸತಿಗೆ ಅಂತ ತಿಂಗಳಿಗೆ 1,500 ರೂಪಾಯಿ, ಹತ್ತು ತಿಂಗಳಿಗೆ 15,000. ಮೂವರು ಹಂಚಿಕೊಂಡ ರೂಮಿನ ಬಾಡಿಗೆಯಲ್ಲಿ ನಿನ್ನ ಪಾಲಿಗೆ ಇದು ಸಣ್ಣ ದುಡ್ಡಲ್ಲ, ಅಲ್ವಾ? ಮುಂದೆ ಹಾಸ್ಟೆಲ್ ಸಿಕ್ಕರೆ ಇದು ನಿಲ್ಲುತ್ತದೆ. ಸಿಕ್ಕರೆ ಹಾಸ್ಟೆಲ್‌ಗೇ ಹೋಗು. 1,500ರಲ್ಲಿ ಎರಡು ಹೊತ್ತಿನ ಊಟವೂ ಬಾಡಿಗೆಯೂ ಕಲಬುರಗಿಯಲ್ಲಿ ಆಗುವ ಮಾತಲ್ಲ.

ಎರಡನೆಯದಕ್ಕೆ ತಡ ಮಾಡಬೇಡ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಹೆಣ್ಣುಮಕ್ಕಳಿಗೆ ಕೊಡುವ ವಿದ್ಯಾರ್ಥಿವೇತನ ವರ್ಷಕ್ಕೆ 30,000, ಕೋರ್ಸ್ ಮುಗಿಯುವವರೆಗೆ. ಹತ್ತು, ಹನ್ನೆರಡು ಎರಡೂ ಸರ್ಕಾರಿ ಶಾಲೆ–ಕಾಲೇಜಿನಲ್ಲಿ ಮುಗಿಸಿರಬೇಕು, ಡಿಗ್ರಿಯ ಮೊದಲ ವರ್ಷದಲ್ಲಿರಬೇಕು. ನೀನು ಎರಡಕ್ಕೂ ಸರಿಹೊಂದುತ್ತೀಯ. ಎರಡನೇ ವರ್ಷಕ್ಕೆ ಹೋದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಅರ್ಜಿಗೆ ಒಂದು ಪೈಸೆ ಶುಲ್ಕವಿಲ್ಲ. ನೆಟ್ ಸೆಂಟರ್‌ನವರು ಟೈಪಿಂಗಿಗೆ ಐವತ್ತೋ ನೂರೋ ಕೇಳಿದರೆ ಅದು ಬೇರೆ. "ಗ್ಯಾರಂಟಿ ಮಾಡಿಸಿಕೊಡ್ತೀನಿ" ಅಂತ ಸಾವಿರ ಕೇಳುವವರಿಂದ ಮಾತ್ರ ದೂರ ಇರು.

ಇನ್ನು ರೈತ ವಿದ್ಯಾನಿಧಿ. 2021ರಲ್ಲಿ ಶುರುವಾದಾಗ ಬಿ.ಎ, ಬಿ.ಎಸ್ಸಿ, ಬಿ.ಕಾಂ ಓದುವ ರೈತರ ಮಕ್ಕಳಿಗೆ ಹುಡುಗರಾದರೆ 5,000, ಹುಡುಗಿಯರಾದರೆ 5,500 ಅಂತ ಇಟ್ಟಿದ್ದರು. ಇದಕ್ಕೆ ಅಪ್ಪನ ಎಫ್‌ಐಡಿ ಇರಬೇಕು, ಅಂದರೆ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನ ನೋಂದಣಿ. ಬೆಳೆ ಪರಿಹಾರಕ್ಕೂ ಅದೇ ನಂಬರ್ ಬೇಕಾಗುವುದರಿಂದ ಅಪ್ಪ ಮಾಡಿಸಿಟ್ಟಿರುತ್ತಾರೆ, ಕೇಳಿ ನೋಡು. ಈ ವರ್ಷ ಕೊಡುತ್ತಿದ್ದಾರಾ ಅನ್ನೋದನ್ನು ಪೋರ್ಟಲ್‌ನಲ್ಲೇ ನೋಡಿ ಖಾತ್ರಿ ಮಾಡಿಕೋ.

ಇಲ್ಲೊಂದು ಜಾಗದಲ್ಲಿ ತುಂಬಾ ಮಕ್ಕಳು ಮುಗ್ಗರಿಸುತ್ತಾರೆ. ಪಿಯುಸಿಯಲ್ಲಿ ತುಂಬಾ ಒಳ್ಳೆ ಅಂಕ ಬಂದವರಿಗೆ ಕೇಂದ್ರದ ಇನ್ನೊಂದು ಸ್ಕಾಲರ್‌ಶಿಪ್ ಇದೆ, ಡಿಗ್ರಿಗೆ ವರ್ಷಕ್ಕೆ 12,000. ಮನೆಯ ಆದಾಯ ನಾಲ್ಕೂವರೆ ಲಕ್ಷ ಮೀರಬಾರದು. ಅದನ್ನು ಹಾಕುವುದು ರಾಷ್ಟ್ರೀಯ ಪೋರ್ಟಲ್ ಎನ್‌ಎಸ್‌ಪಿಯಲ್ಲಿ. ಆದರೆ ಅದನ್ನು ತೆಗೆದುಕೊಂಡರೆ ರಾಜ್ಯದ ವಿದ್ಯಾರ್ಥಿವೇತನ, ಫೀಸು ವಾಪಸಾತಿ ತೆಗೆದುಕೊಳ್ಳುವಂತಿಲ್ಲ. ನಿನ್ನ ಲೆಕ್ಕದಲ್ಲಿ 12,000ಕ್ಕಿಂತ ವಿದ್ಯಾಸಿರಿಯ 15,000 ಮತ್ತು ಫೀಸು ಸೇರಿದ್ದೇ ಜಾಸ್ತಿ ಆಗುತ್ತದೆ. ಎರಡೂ ಕಡೆ ಹಾಕಿ ಯಾವುದು ಮೊದಲು ಬರುತ್ತೋ ನೋಡೋಣ ಅಂತ ಕೂತರೆ, ಆಮೇಲೆ ವಾಪಸ್ ಕಟ್ಟಿ ಅನ್ನುವ ನೋಟಿಸ್ ಬರಬಹುದು.

ಪ್ರಶ್ನೆ: ಮೇಡಂ ಅವರೇ, ನಾನು ಶಹಾಪುರದವನು, ಗೌಂಡಿ ಕೆಲಸ. ಮಗನಿಗೆ ಸಿಇಟಿಯಲ್ಲಿ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಮೂರೂವರೆ ಲಕ್ಷ ಸಾಲ ಕೇಳಿದರೆ ಬ್ಯಾಂಕಿನವರು ಹೊಲದ ಪಹಣಿ ತನ್ನಿ, ಜಾಮೀನು ಬೇಕು ಅನ್ನುತ್ತಾರೆ. ಹೊಲ ಅಣ್ಣತಮ್ಮಂದಿರ ಹೆಸರಿನಲ್ಲಿದೆ. ಏನು ಮಾಡಲಿ?

ಪಹಣಿ ಕೊಡಬೇಡಿ. ಶಿಕ್ಷಣ ಸಾಲ ನಾಲ್ಕು ಲಕ್ಷದೊಳಗಿದ್ದರೆ ಆಸ್ತಿಯ ಭದ್ರತೆ ಕೇಳುವಂತಿಲ್ಲ. ಮಗನ ಜೊತೆ ತಂದೆಯಾಗಿ ನೀವು ಸಹ-ಸಾಲಗಾರರಾಗಿ ಸಹಿ ಹಾಕಿದರೆ ಸಾಕು. "ಆಗಲ್ಲ" ಅಂದರೆ ಕೌಂಟರ್‌ನಲ್ಲಿ ವಾದ ಮಾಡಬೇಡಿ. ಯಾಕೆ ಆಗಲ್ಲ ಅನ್ನೋದನ್ನು ಬರೆದುಕೊಡಿ ಅಂತ ಕೇಳಿ. ಬರೆದುಕೊಡಿ ಅಂದ ಕೂಡಲೇ ಎಷ್ಟೋ ಅರ್ಜಿಗಳು ಮುಂದಕ್ಕೆ ಹೋಗುವುದನ್ನು ನೋಡಿದ್ದೇನೆ. ಪಿಎಂ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಇನ್ನೂ ಒಳ್ಳೆಯದು, ದಾಖಲೆ ಇರುತ್ತದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಒಪ್ಪಿದ ಆ ಯೋಜನೆಯ ಜಾಮೀನಿಲ್ಲದ ಸಾಲ ಎಲ್ಲ ಕಾಲೇಜಿಗೂ ಇಲ್ಲ, ಆಯ್ದ ಸಂಸ್ಥೆಗಳಿಗೆ ಮಾತ್ರ, ಶುರುವಿನಲ್ಲಿ 860 ಇದ್ದವು. ಮಗನ ಕಾಲೇಜು ಪಟ್ಟಿಯಲ್ಲಿದೆಯಾ ಅಂತ ಅಲ್ಲೇ ಹುಡುಕಬಹುದು.

ಆದರೆ ಯಜಮಾನರೇ, ಬ್ಯಾಂಕಿಗೆ ಕೊನೆಗೆ ಹೋಗಿ. ಅದಕ್ಕೂ ಮುಂಚೆ ಎರಡು ಬಾಗಿಲು ತಟ್ಟಬೇಕು. ಒಂದು, ನಿಮ್ಮ ಲೇಬರ್ ಕಾರ್ಡು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರಿದ್ದರೆ ಮಕ್ಕಳ ಓದಿಗೆ ಸಹಾಯಧನ ಇದೆ, ಇದು ವಾಪಸ್ ಕೊಡಬೇಕಾದ ದುಡ್ಡಲ್ಲ. ಕಾರ್ಡಿನ ಅವಧಿ ಮುಗಿದಿದ್ದರೆ ಇವತ್ತೇ ನವೀಕರಿಸಿ. ಇನ್ನೊಂದು, ಅರಿವು ಸಾಲ, ಅಂದರೆ ಸರ್ಕಾರದ ನಿಗಮಗಳು ಓದಿಗೆ ಕೊಡುವ ಕಡಿಮೆ ಬಡ್ಡಿಯ ಸಾಲ. ನೀವು ಹಿಂದುಳಿದ ವರ್ಗದವರಾದರೆ ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರಾದರೆ ಅವರ ಅಭಿವೃದ್ಧಿ ನಿಗಮ. ಲಿಂಗಾಯತರ ನಿಗಮದಲ್ಲಿ ಇಂಥದ್ದಕ್ಕೇ ಬಸವ ಬೆಳಗು ಅಂತ ಹೆಸರು. ಸಿಇಟಿ ಸೀಟಿನವರಿಗಾಗಿಯೇ ಇರುವ ಅರಿವು ಸಾಲಕ್ಕೆ ವರ್ಷಕ್ಕೆ ಶೇ 2 ಮಾತ್ರ. ಮೂರು ಲಕ್ಷಕ್ಕೆ ಲೆಕ್ಕ ಹಾಕಿ ನೋಡಿ: ಶೇ 2 ಅಂದರೆ ವರ್ಷಕ್ಕೆ 6,000. ಬ್ಯಾಂಕಿನಲ್ಲಿ ಶೇ 10 ಅಂದುಕೊಂಡರೆ 30,000. ಅದೂ ಮಗ ಓದುತ್ತಿರುವಾಗಲೇ ಏರುತ್ತಾ ಹೋಗುತ್ತದೆ. ಕಂತು ಕಟ್ಟುವುದು ಓದು ಮುಗಿದು ಒಂದು ವರ್ಷದ ಮೇಲಾದರೂ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ, ಇದನ್ನು ಬ್ಯಾಂಕಿನಲ್ಲಿ ಯಾರೂ ಒತ್ತಿ ಹೇಳುವುದಿಲ್ಲ.

ಕೊನೆಗೆ ಬ್ಯಾಂಕ್ ಸಾಲವೇ ಗತಿ ಅಂತಾದರೆ ಕೇಂದ್ರದ ಬಡ್ಡಿ ಸಹಾಯಧನ ಕೇಳಿ. ಮನೆಯ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು, ಕಾಲೇಜಿಗೆ ಬೇಕಾದ ಮಾನ್ಯತೆ ಇದ್ದರೆ, ಇಂಜಿನಿಯರಿಂಗ್‌ನಂಥ ವೃತ್ತಿ ಕೋರ್ಸಿಗೆ ಓದಿನ ಅವಧಿ ಮತ್ತು ಮೇಲಿನ ಒಂದು ವರ್ಷದ ಬಡ್ಡಿಯನ್ನು ಸರ್ಕಾರವೇ ಕಟ್ಟುತ್ತದೆ. ಇದನ್ನು ನೀವಾಗಿ ಕೇಳದಿದ್ದರೆ ಅರ್ಜಿಯಲ್ಲಿ ಆ ಕಾಲಂ ಖಾಲಿ ಉಳಿಯುತ್ತದೆ.

ಪ್ರಶ್ನೆ: ಅಕ್ಕಾ, ನಾನು ಭಾಲ್ಕಿಯವನು. ಎಸ್‌ಎಸ್‌ಪಿಯಲ್ಲಿ ಅಪ್ರೂವ್ ಆಗಿದೆ ಅಂತ ತೋರಿಸುತ್ತಿದೆ. ಎಂಟು ತಿಂಗಳಾಯಿತು, ದುಡ್ಡು ಮಾತ್ರ ಬಂದಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಆಧಾರ್ ಲಿಂಕ್ ಆಗಿದೆ ಅನ್ನುತ್ತಾರೆ.

ಬಂದಿರುವ ಪತ್ರಗಳಲ್ಲಿ ಅರ್ಧ ಇದೇ. ನಮ್ಮ ಮನೆಯಲ್ಲೂ ಆಗಿದೆ. ನನ್ನ ತಮ್ಮನ ಮಗಳು ಎರಡು ವರ್ಷ ಬ್ಯಾಂಕು, ಕಾಲೇಜು, ತಾಲ್ಲೂಕು ಆಫೀಸು ಅಂತ ತಿರುಗಿದಳು. ಎಲ್ಲರೂ ನಿನ್ನ ಹಾಗೆ "ಲಿಂಕ್ ಆಗಿದೆ" ಅಂದವರೇ. ಕೊನೆಗೆ ನೋಡಿದರೆ, ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಬಂದು ಯಾರೋ ತೆರೆದುಕೊಟ್ಟಿದ್ದ ಝೀರೋ ಬ್ಯಾಲೆನ್ಸ್ ಖಾತೆ. ಮನೆಯಲ್ಲಿ ಯಾರಿಗೂ ನೆನಪೇ ಇರಲಿಲ್ಲ. ಪಾಸ್‌ಬುಕ್ ಸಿಕ್ಕಿದ್ದು ಟ್ರಂಕಿನ ತಳದಲ್ಲಿ, ಹಳೇ ರೇಷನ್ ಕಾರ್ಡಿನೊಳಗೆ, ಒಂದು ಮೂಲೆ ಇಲಿ ಕಡಿದಿತ್ತು. ಎಂಟ್ರಿಗೆ ಕೊಟ್ಟರೆ ಮಷೀನು ಟರ್ ಟರ್ ಅಂತ ಒಂದು ಪುಟ ತುಂಬಿಸಿತು. ಎರಡೂ ವರ್ಷದ ದುಡ್ಡು ಅಲ್ಲೇ ಕೂತಿತ್ತು. ಹುಡುಗಿ ನಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದಳು.

ಆಗುವುದು ಇಷ್ಟೇ. ಖಾತೆಗೆ ಆಧಾರ್ ಕೊಡುವುದು ಬೇರೆ, ಆಧಾರ್‌ಗೆ ಖಾತೆ ಸೀಡ್ ಆಗುವುದು, ಅಂದರೆ ಸರ್ಕಾರದ ದುಡ್ಡು ಯಾವ ಬ್ಯಾಂಕಿಗೆ ಬರಬೇಕು ಅಂತ ದಾಖಲಾಗುವುದು ಬೇರೆ. ನೀನು ಹತ್ತು ಬ್ಯಾಂಕಿನಲ್ಲಿ ಆಧಾರ್ ಕೊಟ್ಟಿರಬಹುದು, ಸರ್ಕಾರದ ದುಡ್ಡು ಹೋಗುವುದು ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಸಂಸ್ಥೆ) ಮ್ಯಾಪಿಂಗ್‌ನಲ್ಲಿರುವ ಒಂದೇ ಬ್ಯಾಂಕಿಗೆ. ಮೈ ಆಧಾರ್ ವೆಬ್‌ಸೈಟಿಗೆ ಹೋಗಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಒತ್ತು, ಬ್ಯಾಂಕಿನ ಹೆಸರು ಬರುತ್ತದೆ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ದುಡ್ಡು ಯಾವ ದಿನ ಯಾವ ಖಾತೆಗೆ ಹೋಯಿತು ಅನ್ನೋದೂ ಕಾಣುತ್ತದೆ. ಸೀಡಿಂಗ್ ಸ್ಟೇಟಸ್‌ನಲ್ಲಿ ಯಾವ ಬ್ಯಾಂಕೂ ಇಲ್ಲದಿದ್ದರೆ ನಿನ್ನ ಬ್ಯಾಂಕಿಗೆ ಹೋಗಿ "ಲಿಂಕ್ ಮಾಡಿ" ಅನ್ನಬೇಡ, "ಎನ್‌ಪಿಸಿಐ ಸೀಡಿಂಗ್ ಮಾಡಿ" ಅಂತ ಅದೇ ಮಾತಿನಲ್ಲಿ ಕೇಳು, ಫಾರಂ ತುಂಬಿ ಸ್ವೀಕೃತಿ ತೆಗೆದುಕೋ.

ಪ್ರಶ್ನೆ: ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಎಂ.ಎ ಮಾಡುತ್ತಿದ್ದೇನೆ. ಪರಿಶಿಷ್ಟ ಜಾತಿ. ಡಿಗ್ರಿ ಫಸ್ಟ್ ಕ್ಲಾಸ್. ಯುವನಿಧಿ ಸಿಗುತ್ತದಾ? ಮುಂದೆ ಪಿಎಚ್.ಡಿ ಮಾಡುವ ಆಸೆ.

ಯುವನಿಧಿ ಸಿಗುವುದಿಲ್ಲ, ಅದು ಓದು ಮುಗಿಸಿ ಕೆಲಸ ಸಿಗದೆ ಇರುವವರಿಗೆ. ಆದರೆ ಡಿಗ್ರಿಯನ್ನು ಮೊದಲ ಪ್ರಯತ್ನದಲ್ಲೇ ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದ್ದರೆ ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನ ಇದೆ, ಡಿಗ್ರಿಗೆ 25,000, ಮುಂದೆ ಎಂ.ಎಗೆ 30,000. ಅದೇ ವರ್ಷ ಹಾಕಬೇಕು. ಹಾಕಿದ್ದೀರಾ? ಪಿಎಚ್.ಡಿಗೆ ಈಗಿನಿಂದಲೇ ಯುಜಿಸಿ ನೆಟ್ ಓದಿ. ಆ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000. ಅದು ಬರದಿದ್ದರೂ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ನಾನ್-ನೆಟ್ ಫೆಲೋಶಿಪ್ ತಿಂಗಳಿಗೆ 8,000 ಅಂತ ಇದೆ, ಎರಡಕ್ಕೂ ಎಷ್ಟು ಅಂತರ ನೋಡಿ.

ಪ್ರಶ್ನೆ: ಆಧಾರ್‌ನಲ್ಲಿ ಶರಣಬಸಪ್ಪ ಅಂತಿದೆ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಶರಣಬಸವ. ಪೋರ್ಟಲ್ ತೆಗೆದುಕೊಳ್ಳುತ್ತಿಲ್ಲ.

ನಮ್ಮ ಕಡೆ ಮನೆಗೊಬ್ಬ ಶರಣಬಸಪ್ಪ ಇರುತ್ತಾನೆ, ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ! ಮಾರ್ಕ್ಸ್ ಕಾರ್ಡು ತಿದ್ದಿಸಲು ಹೋಗಬೇಡಿ, ಬೋರ್ಡಿನ ದಾರಿ ಉದ್ದ. ಆಧಾರ್ ತಿದ್ದಿಸಿ. ಯಾವ ದಾಖಲೆ ನಡೆಯುತ್ತದೆ ಅಂತ ಆಧಾರ್ ಕೇಂದ್ರದಲ್ಲಿ ಮೊದಲೇ ಕೇಳಿ. ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಸಲ ಅವಕಾಶ, ಅದಕ್ಕೇ ಆಪರೇಟರ್ ಟೈಪ್ ಮಾಡಿದ್ದನ್ನು ಮಾರ್ಕ್ಸ್ ಕಾರ್ಡು ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಒಂದೊಂದೇ ಅಕ್ಷರ ಓದಿ ನೋಡಿ. ಹಿಂದೆ ಕ್ಯೂ ಇದ್ದವರು ಬೈದರೆ ಬೈಯಲಿ.