‘ಇರೋದೊಂದೇ ಕಣ್ಣು ಮೇಡಂ, ಇದೂ ಹೋದ್ರೆ?’

(ಗುರುತು ಸಿಗದಂತೆ ಹೆಸರು, ಊರು, ಮನೆಯ ವಿವರಗಳನ್ನು ಬದಲಾಯಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ.)

ಸಾವಿತ್ರಮ್ಮ ನನ್ನ ಕೊಠಡಿಗೆ ಬಂದಾಗ ಸೆರಗನ್ನು ಮಡಚಿ ಎಡಗೆನ್ನೆಗೆ ಒತ್ತಿ ಹಿಡಿದಿದ್ದರು. ವಯಸ್ಸು 43, ಮಂಡ್ಯದ ಕಡೆಯವರು, ಸೀರೆಗೆ ಕುಚ್ಚು ಕಟ್ಟುವ ಕೆಲಸ. ಜೊತೆಗೆ ಯಜಮಾನರು. ನಾನು ಆಪ್ತಸಲಹೆ ಕೊಡುವುದು ಕಣ್ಣಿನ ಆಸ್ಪತ್ರೆಯಲ್ಲಿ. ಇವರ ನೋವು ನೋಡಿದರೆ ಹಲ್ಲಿನದು. ದಾರಿ ತಪ್ಪಿ ಬಂದಿದ್ದಾರೇನೋ ಅಂದುಕೊಂಡೆ.

ಆರು ದಿನದ ಹಿಂದೆ ಎಡಗಡೆಯ ಕೆಳದವಡೆಯ ಕೊನೆಯ ಹಲ್ಲು ಕೀಳಿಸಿದ್ದರು. ಮೊದಲ ಎರಡು ದಿನ ಅಷ್ಟೇನೂ ತೊಂದರೆಯಿಲ್ಲ. ಮೂರನೇ ದಿನ ರಾತ್ರಿ ಶುರುವಾದ ನೋವು ಕಿವಿಗೆ ಏರಿ, ಅಲ್ಲಿಂದ ಹಣೆಯ ಪಕ್ಕಕ್ಕೆ, ಆಮೇಲೆ ಎಡಗಣ್ಣಿನ ಹಿಂದಕ್ಕೆ ಹೋಯಿತಂತೆ. ಆ ಎಡಗಣ್ಣು ಕೃತಕ ಕಣ್ಣು. ಅವರಿಗೆ 19 ವರ್ಷವಿದ್ದಾಗ ಕಬ್ಬಿನ ಗದ್ದೆಯಲ್ಲಿ ಸೋಗೆ ಕಣ್ಣಿಗೆ ಕುಯ್ದಿತ್ತು. ಯಾರೋ ಸೊಪ್ಪಿನ ರಸ ಬಿಟ್ಟರು. ಗಾಯಕ್ಕೆ ಬೂಷ್ಟು ಹಿಡಿದು ಹುಣ್ಣಾಯಿತು. ಕೊನೆಗೆ ಕಣ್ಣನ್ನೇ ತೆಗೆಯಬೇಕಾಯಿತು.

ದಂತವೈದ್ಯರ ಬಳಿ ಮತ್ತೆ ಹೋದಾಗ ಅವರು ಬಾಯಿ ನೋಡಿ ‘ಡ್ರೈ ಸಾಕೆಟ್ (ಒಣ ಕುಳಿ) ಆಗಿದೆ’ ಅಂದರಂತೆ. ಆ ಮಾತು ಕಿವಿಗೆ ಬಿದ್ದದ್ದೇ ಔಷಧಿ ಹಾಕಿಸಿಕೊಳ್ಳದೆ ಎದ್ದು ಬಂದಿದ್ದಾರೆ. ಎರಡು ವರ್ಷದ ಹಿಂದೆ ಕೃತಕ ಕಣ್ಣು ಉರಿಯುತ್ತದೆ ಎಂದು ತೋರಿಸಿದಾಗಲೂ ಡಾಕ್ಟರು ‘ಡ್ರೈ ಸಾಕೆಟ್’ ಅಂತಲೇ ಅಂದಿದ್ದರು.

“ಹಲ್ಲು ಕೀಳಿಸಿದ್ರೆ ಕಣ್ಣಿನ ನರ ಹೋಗುತ್ತೆ ಅಂತ ನಮ್ಮತ್ತೆ ಬಡ್ಕೊಂಡ್ರು ಮೇಡಂ. ನಾನೇ ಕೇಳಲಿಲ್ಲ. ಈಗ ಸೂಜಿಗೆ ದಾರ ಪೋಣಿಸೋಕಾಗ್ತಿಲ್ಲ. ಇರೋದೊಂದೇ ಕಣ್ಣು, ಇದೂ ಹೋದ್ರೆ?”

ನೋವಿನ ಮಾತನ್ನು ಪಕ್ಕಕ್ಕಿಟ್ಟು ನಾನು ಈ ಭಯವನ್ನೇ ಮೊದಲು ಕೈಗೆತ್ತಿಕೊಂಡೆ. ಒಂದು ಕಣ್ಣು ಕಳೆದುಕೊಂಡವರ ಮುಂದೆ ‘ಏನೂ ಆಗಲ್ಲ, ಧೈರ್ಯವಾಗಿರಿ’ ಎಂದರೆ ಪ್ರಯೋಜನವಿಲ್ಲ. ಹಿಂದೆ ಒಂದು ಸಲ ಆಗಬಾರದ್ದು ಆಗಿಯೇ ಹೋಗಿದೆಯಲ್ಲ.

ನನ್ನ ಅಂಗೈಯನ್ನು ಅವರ ಮುಖದ ಪಕ್ಕ ಹಿಡಿದು ಮೂರು ಬೆರಳು ಬಿಡಿಸಿ ತೋರಿಸಿದೆ. ಕಿವಿಯ ಮುಂಭಾಗದ ಒಳಗಿನಿಂದ ಒಂದು ದಪ್ಪ ನರ ಬರುತ್ತದೆ. ಒಂದು ಕವಲು ಹಣೆಗೂ ಕಣ್ಣಿನ ಸುತ್ತಕ್ಕೂ, ಇನ್ನೊಂದು ಮೇಲ್ದವಡೆಗೆ, ಮತ್ತೊಂದು ಕೆಳದವಡೆಗೆ. ನೋವು, ಸ್ಪರ್ಶ ತಿಳಿಸುವುದು ಇದು. ಒಂದು ಕವಲಿನಲ್ಲಿ ನೋವೆದ್ದರೆ ಪಕ್ಕದ ಕವಲಿನ ಜಾಗದಲ್ಲೂ ನೋವಿದ್ದಂತೆ ಅನಿಸುತ್ತದೆ. ದೃಷ್ಟಿಯ ನರವೇ ಬೇರೆ. ಅದು ಕಣ್ಣುಗುಡ್ಡೆಯ ಹಿಂದಿನಿಂದ ನೇರ ಮಿದುಳಿಗೆ ಹೋಗುತ್ತದೆ, ಹಲ್ಲಿನ ಬೇರಿನ ಹತ್ತಿರಕ್ಕೂ ಬರುವುದಿಲ್ಲ. “ಹಾಗಾದ್ರೆ ಇಲ್ಲದ ಕಣ್ಣು ನೋಯೋದು?” ಎಂದರು. ಕಣ್ಣಿಲ್ಲದಿದ್ದರೂ ಆ ಗುಳಿಯ ಚರ್ಮಕ್ಕೆ, ರೆಪ್ಪೆಗೆ ನರ ಇದ್ದೇ ಇದೆ ಅಮ್ಮ, ಎಂದೆ.

ಸೂಜಿಯ ವಿಷಯಕ್ಕೆ ಬಂದಾಗ ಯಜಮಾನರು ಬಾಯಿಬಿಟ್ಟರು. “ಯುಗಾದಿಯಿಂದಲೂ ಮಗಳ ಕೈಲೇ ಪೋಣಿಸ್ಕೋತಿದ್ದಾಳೆ ಮೇಡಂ.” ಹಲ್ಲು ಕೀಳಿಸಿದ್ದು ಶ್ರಾವಣದಲ್ಲಿ! ನಲವತ್ತು ದಾಟಿದವರಿಗೆ ಬರುವ ಚಾಳೀಸು ಅದು. ಅದೇ ದಿನ ಬಲಗಣ್ಣನ್ನು ಪೂರ್ತಿ ಪರೀಕ್ಷೆ ಮಾಡಿಸಿದೆವು. ಕಣ್ಣಿನ ಹಿಂಬದಿ, ಒತ್ತಡ ಎಲ್ಲ ಸರಿಯಿತ್ತು. ಹತ್ತಿರದ ಕೆಲಸಕ್ಕೆ ಕನ್ನಡಕ ಬರೆದರು.

ಆಮೇಲೆ ಎರಡು ‘ಡ್ರೈ ಸಾಕೆಟ್’ಗಳನ್ನು ಬಿಡಿಸಿ ಹೇಳಬೇಕಾಯಿತು. ಹೆಸರು ಒಂದೇ, ಕಾಯಿಲೆ ಎರಡು. ಹಲ್ಲು ಕಿತ್ತ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಮುಚ್ಚಳದಂತೆ ಕೂರುತ್ತದೆ. ಅದರ ಕೆಳಗೆ ಗಾಯ ಮಾಯುತ್ತದೆ. ಆ ಹೆಪ್ಪು ಕರಗಿದರೆ ಅಥವಾ ಕಿತ್ತುಬಂದರೆ ಒಳಗಿನ ಎಲುಬು ಬರಿದಾಗಿ, ಗಾಳಿ, ನೀರು, ಅನ್ನದ ಅಗುಳು ತಾಗಿದರೂ ಜೀವ ಹೋಗುವಷ್ಟು ನೋಯುತ್ತದೆ. ಬಾಯಿ ವಾಸನೆ ಬರುತ್ತದೆ. ಕೆಳದವಡೆಯ ಕೊನೆಯ ಹಲ್ಲಿನಲ್ಲೇ ಇದು ಹೆಚ್ಚು. ಕೃತಕ ಕಣ್ಣಿನ ಗುಳಿಯಲ್ಲಿ ಬರಿದಾಗುವ ಎಲುಬೂ ಇಲ್ಲ, ಹೆಪ್ಪೂ ಇಲ್ಲ. ಅಲ್ಲಿ ಕಣ್ಣೀರು ಬಂದರೂ ಕೃತಕ ಕಣ್ಣಿನ ಅಕ್ರಿಲಿಕ್ (ಒಂದು ಬಗೆಯ ಪ್ಲಾಸ್ಟಿಕ್) ಚಿಪ್ಪಿನ ಮೇಲೆ ಸಮನಾಗಿ ಹರಡುವುದಿಲ್ಲ, ರೆಪ್ಪೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಚಿಪ್ಪು ಒಣಗುತ್ತದೆ, ಉಜ್ಜುತ್ತದೆ, ಗೀಜು ಕಟ್ಟುತ್ತದೆ.

ಏನೇನು ಮಾಡಿದಿರಿ ಎಂದು ಕೇಳುತ್ತ ಹೋದಂತೆ ನನಗೆ ಸಂಕಟವಾಯಿತು. ಸಾವಿತ್ರಮ್ಮ ಬಹಳ ಶುಚಿಯ ಹೆಂಗಸು. ಹಲ್ಲು ಕೀಳಿಸಿದ ರಾತ್ರಿಯೇ ರಕ್ತದ ರುಚಿ ತಡೆಯಲಾರದೆ ಹತ್ತಾರು ಸಲ ಮುಕ್ಕಳಿಸಿ ಉಗಿದಿದ್ದಾರೆ. ಮಾರನೇ ದಿನ ಎಲೆಅಡಿಕೆ, ಅದಕ್ಕೆ ಚೂರು ಕಡ್ಡಿಪುಡಿ. (ಇದನ್ನು ಯಜಮಾನರು ಹೊರಗೆ ಹೋದಾಗ ಹೇಳಿದರು.) ಕಣ್ಣಿನದು ಇನ್ನೂ ಕಷ್ಟ. ಕೊರೋನಾ ಬಂದಾಗಿನಿಂದ ಪ್ರತಿ ರಾತ್ರಿ ಬಚ್ಚಲಿನ ಬಾಗಿಲು ಹಾಕಿಕೊಂಡು ಕೃತಕ ಕಣ್ಣು ತೆಗೆದು ಸ್ಯಾನಿಟೈಸರ್‌ನಲ್ಲಿ ಒರೆಸುತ್ತಿದ್ದರು. ಈಚೆಗೆ ಬಾಯಿಗೆಂದು ಹೇಳಿದ ಉಪ್ಪುನೀರನ್ನು ಕಣ್ಣಿನ ಗುಳಿಗೂ ಹಾಕಿದ್ದರು, ಎರಡೂ ಒಂದೇ ಕಾಯಿಲೆ ಎಂದುಕೊಂಡು. ಹಲ್ಲಿನ ಡಾಕ್ಟರು ಕೊಟ್ಟ ಸೂಚನೆಯ ಚೀಟಿ ಚೀಲದಲ್ಲೇ ಇತ್ತು. ಪೂರ್ತಿ ಇಂಗ್ಲಿಷಿನಲ್ಲಿ.

ಕೃತಕ ಕಣ್ಣನ್ನು ತೆಗೆಸಿ ಟಾರ್ಚ್ ಬೆಳಕಿನಲ್ಲಿ ಇಬ್ಬರೂ ನೋಡಿದೆವು. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಕೂರುವ ಬಿಳಿ ಪದರದಂತೆ ಅದರ ಮೈಮೇಲೆಲ್ಲ ಮಸುಕು. ನಡುವೆ ಕೂದಲೆಳೆಯಂಥ ಬಿರುಕುಗಳು. ಸ್ಪಿರಿಟ್, ಸ್ಯಾನಿಟೈಸರ್ ತಾಗಿದರೆ ಅಕ್ರಿಲಿಕ್ ಹೀಗೆ ಸೀಳುತ್ತದೆ. ಒರಟಾದ ಚಿಪ್ಪು ರೆಪ್ಪೆಯ ಒಳಮೈಯನ್ನು ಕೆರೆಯುತ್ತದೆ, ಗೀಜು ಹೆಚ್ಚುತ್ತದೆ, ಗೀಜು ಕಂಡು ಅವರು ಮತ್ತಷ್ಟು ತೊಳೆಯುತ್ತಾರೆ. “ಚೊಕ್ಕಟವಾಗಿಟ್ಟಿದ್ದೇ ತಪ್ಪಾಯ್ತಾ?” ಎಂದು ಕೇಳಿದಾಗ ಅವರ ದನಿ ನಡುಗುತ್ತಿತ್ತು. ತಪ್ಪು ನಿಮ್ಮದಲ್ಲ, ಕೂರಿಸಿಕೊಂಡು ಕನ್ನಡದಲ್ಲಿ ಹೇಳಿಕೊಡದೆ ಕಳಿಸಿದ ನಮ್ಮಂಥವರದು ಎಂದೆ. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ.

ಅವರಿಗೆ ಕೊಟ್ಟ ಸಲಹೆ ಇದು. ಮೊದಲು ದಂತವೈದ್ಯರ ಬಳಿಗೆ, ಈಗಲೇ. ಅವರು ಕುಳಿಯನ್ನು ಸಲೈನಿನಿಂದ ತೊಳೆದು ಲವಂಗದ ಎಣ್ಣೆಯ ಸತ್ವವಿರುವ ಔಷಧಿಯ ಪಟ್ಟಿ ತುಂಬುತ್ತಾರೆ, ನೋವು ಬೇಗ ಇಳಿಯುತ್ತದೆ. ಮನೆಯಲ್ಲೇ ಲವಂಗದ ಎಣ್ಣೆ ಸುರಿದುಕೊಳ್ಳಬೇಡಿ, ಒಸಡು ಸುಡುತ್ತದೆ. ಮೆಡಿಕಲ್ ಶಾಪಿನಿಂದ ತಂದ ಆಂಟಿಬಯಾಟಿಕ್‌ನಿಂದ ಇದು ಇಳಿಯುವುದಿಲ್ಲ. ಆ ಮಾತ್ರೆ ಬೇಕೋ ಬೇಡವೋ ಡಾಕ್ಟರೇ ಹೇಳಲಿ. ಗಾಯ ಮಾಯುವ ತನಕ ಕಡ್ಡಿಪುಡಿ ಬಾಯಿಗಿಡಬೇಡಿ. ಆಮೇಲೂ ಬೇಡ. ಜ್ವರ ಬಂದರೆ, ಊತ ಏರುತ್ತ ಹೋದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಬೆಳಗಾಗಲಿ ಎಂದು ಕಾಯಬಾರದು. ಮುಂದೆ ಯಾವಾಗಲಾದರೂ ಹಲ್ಲು ಕೀಳಿಸಿದರೆ ಮೊದಲ 24 ಗಂಟೆ ಮುಕ್ಕಳಿಸುವುದು, ಉಗಿಯುವುದು, ಸ್ಟ್ರಾದಲ್ಲಿ ಹೀರುವುದು ಯಾವುದೂ ಇಲ್ಲ. ಉಗುಳು ನುಂಗಬೇಕು. ಉಗುರುಬೆಚ್ಚಗಿನ ಉಪ್ಪುನೀರು ಮಾರನೇ ದಿನದಿಂದ, ಅದೂ ಮೆಲ್ಲಗೆ.

ಕಣ್ಣಿಗೆ: ದಿನಾ ತೆಗೆಯುವುದನ್ನು ನಿಲ್ಲಿಸಿ. ತೆಗೆದಾಗ ಕೈ ತೊಳೆದು, ಮೃದು ಸಾಬೂನು, ತಣ್ಣಗಿನ ಶುದ್ಧ ನೀರು, ಅಷ್ಟೇ. ಗೀಜು ಬಂದರೆ ಕಣ್ಣು ಮುಚ್ಚಿ ಮೂಗಿನ ಕಡೆಗೆ ಒರೆಸಿ. ಹೊರಕ್ಕೆ ಎಳೆದರೆ ಚಿಪ್ಪು ಜಾರೀತು. ದಿನಕ್ಕೆ ನಾಲ್ಕೈದು ಸಲ ಕೃತಕ ಕಣ್ಣೀರಿನ ಹನಿ, ರಾತ್ರಿ ಡಾಕ್ಟರು ಬರೆದ ಜೆಲ್. ಫ್ಯಾನಿನ ನೇರ ಕೆಳಗೆ ಮಲಗಬೇಡಿ, ಬೈಕಿನಲ್ಲಿ ಹೋಗುವಾಗ ಕನ್ನಡಕ ಇರಲಿ. ಆ ಕನ್ನಡಕದ ಗಾಜು ಪಾಲಿಕಾರ್ಬೊನೇಟ್ (ಸುಲಭಕ್ಕೆ ಒಡೆಯದ ಪ್ಲಾಸ್ಟಿಕ್) ಆಗಿರಲಿ. ಒಣ ಗಾಳಿಯ ಜೊತೆಗೆ ಬಲಗಣ್ಣಿಗೆ ಬೀಳುವ ಪೆಟ್ಟನ್ನೂ ಅದು ತಡೆಯುತ್ತದೆ. ಗುಳಿಯಲ್ಲಿ ರಕ್ತ ಕಂಡರೆ, ಹಸಿರುಹಳದಿ ಕೀವು ಬಂದರೆ, ಚಿಪ್ಪು ಕೂರದೇ ಹೋದರೆ ಬನ್ನಿ. ಬಲಗಣ್ಣು ಕೆಂಪಾದರೆ, ಬೆಳಕು ಚುಚ್ಚಿದರೆ, ಮಂಜಾದರೆ ಅದೇ ದಿನ ಬನ್ನಿ.

ಅವರ ಚಿಪ್ಪಿಗೆ ಹನ್ನೊಂದು ವರ್ಷವಾಗಿತ್ತು. ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು, ವರ್ಷಕ್ಕೆ ಒಮ್ಮೆಯಾದರೂ ಪಾಲಿಶ್ ಮಾಡಿಸಬೇಕು. ದುಡ್ಡಿನ ಮಾತು ಬಂತು. ಕೃತಕ ದಂತ ಮಾಡುವ ವಿಭಾಗವಿರುವ ಎಷ್ಟೋ ದಂತ ಕಾಲೇಜುಗಳಲ್ಲಿ ಗುಳಿಯ ಅಚ್ಚು ತೆಗೆದು ಕಣ್ಣನ್ನೂ ಮಾಡಿಕೊಡುತ್ತಾರೆ ಎಂದೆ. ಸಾವಿತ್ರಮ್ಮ ನಂಬಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಗಾಜಿನ ಕಣ್ಣುಗಳು ಬರುವುದು ನಿಂತಾಗ, ಹಲ್ಲಿನ ಸೆಟ್ ಮಾಡುವ ಅಕ್ರಿಲಿಕ್‌ನಲ್ಲೇ ಕಣ್ಣು ಮಾಡಿ ರೂಢಿಗೆ ತಂದವರು ಅಮೆರಿಕದ ಸೇನೆಯ ದಂತವೈದ್ಯರು. ಇದನ್ನು ಹೇಳಿದಾಗ ಆ ದಿನ ಮೊದಲ ಸಲ ಸೆರಗು ಕೆನ್ನೆಯಿಂದ ಇಳಿಯಿತು.

ಹೋಗುವ ಮುನ್ನ ಒಂದು ಮಾತು ಕೇಳಿದೆ. ಬಚ್ಚಲಿನ ಬಾಗಿಲು ಯಾಕೆ ಹಾಕಿಕೊಳ್ಳುತ್ತೀರಿ? ಇಪ್ಪತ್ತು ವರ್ಷದ ಸಂಸಾರದಲ್ಲಿ ಯಜಮಾನರು ಆ ಗುಳಿಯನ್ನು ಒಂದು ದಿನವೂ ನೋಡಿಲ್ಲವಂತೆ. ಅವರು ನೆಲ ನೋಡುತ್ತ ಅಂದರು, “ನೀನು ತೋರಿಸಲಿಲ್ಲ, ನಾನು ಕೇಳಲಿಲ್ಲ.” ಹನಿ ಹಾಕುವುದನ್ನು ಅವರಿಗೇ ಕಲಿಸಿದೆ. ಮೊದಲ ಸಲ ಕೈ ನಡುಗಿ ಹನಿ ಮೂಗಿನ ಮೇಲೆ ಬಿತ್ತು.

ಹಲ್ಲಿನ ಕುಳಿಗೆ ಎರಡು ಸಲ ಪಟ್ಟಿ ಬದಲಾಯಿಸಿದರು. ವಾರ ಕಳೆದು ಬಂದಾಗ ಮುದ್ದೆ ತಿನ್ನುತ್ತಿದ್ದರು. ಹೊಸ ಕಣ್ಣಿಗೆ ಅಚ್ಚು ಕೊಟ್ಟಾಗಿದೆ. ಆದರೆ ಮೇಲ್ದವಡೆಯ ಬಲಗಡೆ ಇನ್ನೊಂದು ಹಲ್ಲು ಬೇರಿನ ತನಕ ಹುಳುಕಾಗಿದೆ, ಅದೂ ಒಳ್ಳೆಯ ಕಣ್ಣಿನ ಬದಿಗೆ. “ದೀಪಾವಳಿ ಕಳೀಲಿ ಮೇಡಂ” ಎಂದರು. ಭಯ ಪೂರ್ತಿ ಹೋಗಿಲ್ಲ, ನನಗೆ ಗೊತ್ತು. ಕೀಳಿಸಿದರೆ ಕಣ್ಣಿಗೆ ಏನೂ ಆಗದು, ಕೊಳೆಯಲು ಬಿಟ್ಟರೆ ಅಪರೂಪಕ್ಕೆ ಸೋಂಕು ಕಣ್ಣಿನ ಗೂಡಿಗೆ ಏರಿದ್ದುಂಟು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಜಮಾನರ ಮುಖ ನೋಡಿದರು. ಮುಂದಿನ ಸೋಮವಾರಕ್ಕೆ ದಂತವೈದ್ಯರ ಬಳಿ ಹೆಸರು ಬರೆಸಿ ಹೋಗಿದ್ದಾರೆ. ಈ ಸಲ ಸೂಚನೆಯ ಚೀಟಿಯನ್ನು ನಾನೇ ಕನ್ನಡದಲ್ಲಿ ಬರೆದು ಕೊಟ್ಟಿದ್ದೇನೆ.