ಕಾಕಂಬಿಯಿಂದ ಪ್ಲಾಸ್ಟಿಕ್: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರೊಬ್ಬರು ಬರೆದಿದ್ದಾರೆ: "ಕಾಕಂಬಿಯನ್ನು ಬ್ಯಾಕ್ಟೀರಿಯಾಗಳಿಗೆ ಉಣಿಸಿ ಪ್ಲಾಸ್ಟಿಕ್ ತಯಾರಿಸಬಹುದು, ಅದು ಮಣ್ಣಿನಲ್ಲಿ ಕೊಳೆಯುತ್ತದೆ ಎಂದು ಓದಿದೆ. ನಿಜವಾದರೆ ಅಂಗಡಿಗಳಲ್ಲಿ ಅದು ಏಕೆ ಕಾಣುವುದಿಲ್ಲ?"

ಮಾನ್ಯರೇ,

ನೀವು ಓದಿದ್ದು ನಿಜ. 1920ರ ದಶಕದಲ್ಲೇ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಮೋರಿಸ್ ಲೆಮ್ವಾನ್ ಬ್ಯಾಕ್ಟೀರಿಯಾದೊಳಗೆ ಈ ವಸ್ತುವನ್ನು ಗುರುತಿಸಿದರು. ಹೆಸರು ಪಾಲಿಹೈಡ್ರಾಕ್ಸಿಬ್ಯುಟಿರೇಟ್, ಚಿಕ್ಕದಾಗಿ ಪಿಎಚ್‌ಬಿ. ಸುಗ್ಗಿಯಲ್ಲಿ ಕಣಜ ತುಂಬಿಕೊಳ್ಳುವ ಹಾಗೆ, ಸಕ್ಕರೆ ಹೇರಳವಾಗಿದ್ದು ಸಾರಜನಕದ ಕೊರತೆಯಾದಾಗ ಕೆಲವು ಬ್ಯಾಕ್ಟೀರಿಯಾಗಳು ಮುಂದಿನ ದಿನಗಳಿಗೆಂದು ಇದನ್ನು ಕೂಡಿಡುತ್ತವೆ. ಚೆನ್ನಾಗಿ ಉಂಡ ಕುಪ್ರಿಯಾವಿಡಸ್ ನೆಕೇಟರ್ ಎಂಬ ಬ್ಯಾಕ್ಟೀರಿಯಾದ ಒಣತೂಕದಲ್ಲಿ ಶೇ 80ರವರೆಗೂ ಪಿಎಚ್‌ಬಿ ಇರಬಲ್ಲದು; ಕೋಶದ ತುಂಬ ದುಂಡು ಕಣಗಳು ಒತ್ತೊತ್ತಾಗಿ ಕುಳಿತಿರುತ್ತವೆ. ಮೂಲದಲ್ಲಿ ಅದು ಆಹಾರವಾದ್ದರಿಂದಲೇ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಒಡೆದು ತಿನ್ನುತ್ತವೆ.

ತೊಡಕು ಬೆಲೆಯದು. 1990ರಲ್ಲಿ ಜರ್ಮನಿಯ ಅಂಗಡಿಗಳಿಗೆ ಇದೇ ಜಾತಿಯ ಪ್ಲಾಸ್ಟಿಕ್ಕಿನ ಶಾಂಪೂ ಬಾಟಲಿ ಬಂದಿತ್ತು. ಪೆಟ್ರೋಲಿಯಂ ಪ್ಲಾಸ್ಟಿಕ್ಕಿನ ಅಗ್ಗದ ಬೆಲೆಯೆದುರು ಅದು ಬಾಳಲಿಲ್ಲ. ಒಂದು ಕಿಲೋ ಪಿಎಚ್‌ಬಿಗೆ ಸುಮಾರು ಮೂರು ಕಿಲೋ ಸಕ್ಕರೆ ಬೇಕು. ಮೇವಿನ ಖರ್ಚೇ ಇಷ್ಟಾದ ಮೇಲೆ ಕೋಶಗಳನ್ನು ಒಡೆದು, ದ್ರಾವಕದಲ್ಲಿ ಕರಗಿಸಿ, ಬಿಳಿ ಪುಡಿಯಾಗಿ ಬೇರ್ಪಡಿಸುವ ಖರ್ಚು ಬೇರೆ.

ಇದಕ್ಕೆ ನಾನು ಕಂಡ ಅತ್ಯಂತ ಬುದ್ಧಿವಂತಿಕೆಯ ಉತ್ತರ ಬ್ರೆಜಿಲಿನ ಸಾವೊ ಪೌಲೊ ರಾಜ್ಯದ ಸೆರಾನಾದ್ದು. 1990ರ ದಶಕದಲ್ಲಿ ಅಲ್ಲಿ ಸಕ್ಕರೆ ಕಾರ್ಖಾನೆಯ ಮಗ್ಗುಲಲ್ಲೇ ಪ್ರಾಯೋಗಿಕ ಘಟಕ ಕಟ್ಟಿದರು. ಮೇವು ಕಾರ್ಖಾನೆಯ ಸಕ್ಕರೆ. ಉಗಿ, ವಿದ್ಯುತ್ತು ಕಬ್ಬಿನ ಸಿಪ್ಪೆ ಉರಿಸಿದ್ದು. ದ್ರಾವಕವೂ ಪಕ್ಕದ ಎಥೆನಾಲ್ ಘಟಕದ ಉಪೋತ್ಪನ್ನವೇ. ಕಬ್ಬಿನ ಗದ್ದೆಯ ಮಣ್ಣಿನಲ್ಲಿ ಸಿಕ್ಕ ಬರ್ಕ್‌ಹೋಲ್ಡೇರಿಯಾ ಸಕ್ಕಾರಿ ಎಂಬ ಬ್ಯಾಕ್ಟೀರಿಯಾವನ್ನು 2001ರಲ್ಲಿ ಜರ್ಮನಿ, ಬೆಲ್ಜಿಯಂ, ಬ್ರೆಜಿಲಿನ ಸಂಶೋಧಕರು ಸೇರಿ ಹೊಸ ಪ್ರಭೇದವೆಂದು ವರ್ಣಿಸಿದರು. ನೆಕೇಟರ್‌ಗೆ ಕಬ್ಬಿನ ಸಕ್ಕರೆಯನ್ನು ಮೊದಲು ಒಡೆದು ಕೊಡಬೇಕು; ಇದು ನೇರವಾಗಿಯೇ ತಿನ್ನುತ್ತದೆ.

ಇನ್ನು ನಿಮ್ಮ ಕಾಕಂಬಿ. ಅದನ್ನು ಕಸವೆಂದು ಲೆಕ್ಕ ಹಾಕುವ ಲೇಖನಗಳನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮದ್ಯಸಾರ ಘಟಕಗಳು, ಪಶು ಆಹಾರದವರು, ಈಗ ಪೆಟ್ರೋಲಿಗೆ ಬೆರೆಸುವ ಎಥೆನಾಲ್, ಎಲ್ಲರಿಗೂ ಅದು ಬೇಕು. ಬೇಡಿಕೆ ಬಂದ ದಿನವೇ ಉಪೋತ್ಪನ್ನದ ಅಗ್ಗತನ ಹೋಗುತ್ತದೆ. ಹಾಗಾಗಿ ಗಿರಾಕಿ ಸುಲಭವಾಗಿ ಸಿಗದ ವಸ್ತುಗಳ ಮೇಲೆ ನನಗೆ ಹೆಚ್ಚು ಭರವಸೆ. ನೂರು ಕಿಲೋ ಜೈವಿಕ ಡೀಸೆಲ್ ತಯಾರಾದರೆ ಸುಮಾರು ಹತ್ತು ಕಿಲೋ ಕಚ್ಚಾ ಗ್ಲಿಸರಾಲ್ ಉಳಿಯುತ್ತದೆ. ಮೆಥನಾಲ್, ಲವಣ ಬೆರೆತ ಅದನ್ನು ಶುದ್ಧಗೊಳಿಸುವುದು ದುಬಾರಿ. ಆದರೆ ಅದನ್ನೇ ಉಂಡು ಪಿಎಚ್‌ಬಿ ಕೂಡಿಡುವ ಬ್ಯಾಕ್ಟೀರಿಯಾಗಳಿವೆ. ಚೀಸ್ ಕಾರ್ಖಾನೆಗಳ ಹಾಲೊಡಕಿನಲ್ಲಿಯೂ ಇಂಥ ಪ್ರಯೋಗಗಳು ನಡೆದಿವೆ.

ಬರಿಯ ಪಿಎಚ್‌ಬಿ ಪೆಡಸು, ಬಗ್ಗಿಸಿದರೆ ಮುರಿಯುತ್ತದೆ. ಚೀಲಕ್ಕೆ ಬೇಕಾದ ಬಳುಕು ಬರಲು ವ್ಯಾಲರೇಟ್‌ನಂಥ ಇನ್ನೊಂದು ಕೊಂಡಿ ಅದರ ಅಣುಗಳ ಸರಪಳಿಯಲ್ಲಿ ಸೇರಬೇಕು. ಅದಕ್ಕೆ ಬ್ಯಾಕ್ಟೀರಿಯಾಗಳ ಮೇವಿನಲ್ಲೇ ಪ್ರೊಪಿಯೋನಿಕ್ ಆಮ್ಲ ಬೆರೆಸುತ್ತಾರೆ, ಅದರ ಖರ್ಚೂ ಚೀಲದ ಬೆಲೆಗೇ ಸೇರುತ್ತದೆ.